ಒಂದೇ ಮೋಡೆಮ್, ಎರಡು ಕಂಪ್ಯೂಟರ್

ಬಸವನಗುಡಿಯ ನಮ್ಮ ಮನೆಯಲ್ಲಿ ನಡುಮನೆಯ ಕಂಪ್ಯೂಟರಿಗೆ ಫೋನ್ ಲೈನಿನ ಮೂಲಕ ಇಂಟರ್‌ನೆಟ್ ತರುವ ಮೋಡೆಮ್ ಜೋಡಿಸಿ, ವಿಂಡೋಸ್ 98ರ ಎರಡನೆಯ ಆವೃತ್ತಿಯಲ್ಲಿರುವ ಸಂಪರ್ಕ ಹಂಚಿಕೆಯ ಸೌಲಭ್ಯದಿಂದ ಮಗಳ ಕೋಣೆಯ ಕಂಪ್ಯೂಟರಿಗೂ ಇಂಟರ್‌ನೆಟ್ ಒದಗಿಸಿದ ದಿನದಿಂದ ನನಗೆ ನೆಮ್ಮದಿಯಿರಲಿಲ್ಲ. ಮೋಡೆಮಿನ ವೇಗ ಸೆಕೆಂಡಿಗೆ 56 ಕಿಲೋಬಿಟ್ ಎಂದರೆ ಲೆಕ್ಕದಲ್ಲೇ 7 ಕಿಲೋಬೈಟ್ ಮಾತ್ರ. ಹಳೆಯ ತಾಮ್ರದ ತಂತಿಯಲ್ಲಿ ಅದೂ ಪೂರ್ತಿಯಾಗಿ ಸಿಗದಿರುವಾಗ, ಅವಳು ಒಂದು ಹಾಡನ್ನು ಇಳಿಸಿಕೊಳ್ಳತೊಡಗಿದರೆ ನನ್ನ ಇಮೇಲ್ ಪುಟ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಾನು ಮಲಗಲು ಹೊರಟರೂ ನಡುಮನೆಯ ಯಂತ್ರವನ್ನು ಆರಿಸುವಂತಿರಲಿಲ್ಲ, ಏಕೆಂದರೆ ಅವಳ ಸಂಪರ್ಕವೆಲ್ಲ ಅದರ ಮೂಲಕವೇ ಹಾದುಹೋಗಬೇಕಿತ್ತು. ಇಷ್ಟೂ ಹೊತ್ತು ಮೈಸೂರಿನಿಂದ ಅಮ್ಮ ಎಷ್ಟು ಸಲ ಕರೆ ಮಾಡಿದರೂ ಲೈನ್ ಎಂಗೇಜ್ ಆಗಿಯೇ ಇರುತ್ತಿತ್ತು. ಒಮ್ಮೆ ಆ ವಯಸ್ಸಾದ ಜೀವ ಗಾಬರಿಗೊಂಡು ಪಕ್ಕದ ಮನೆಗೆ ಫೋನ್ ಮಾಡಿ ನಮ್ಮ ಕ್ಷೇಮ ವಿಚಾರಿಸಿದ್ದು ನನ್ನನ್ನು ಬಹಳ ನೋಯಿಸಿತು.