ಗೊಂಚಲಿನ ಫೋಟೊ ತೆಗೆಯೋದು ಅಷ್ಟು ಸುಲಭ ಅಲ್ಲ

ಒಳ್ಳೆ ಲೇಖನ ಸರ್. ಆದರೆ ಜರ್ಮನಿಯ ಕಾರ್ಲ್ಸ್‌ರೂಹೆಯ ‘ಕಾರಾ’ ಎಂಬ ಕಣ ವೇಗವರ್ಧಕದ ಉಂಗುರದಲ್ಲಿ ಎಲೆಕ್ಟ್ರಾನ್ ಗೊಂಚಲುಗಳನ್ನು (ಒಟ್ಟಾಗಿ ಸುತ್ತುವ ಎಲೆಕ್ಟ್ರಾನ್‌ಗಳ ಗುಂಪುಗಳನ್ನು) ಕ್ಯಾಮೆರಾದಲ್ಲಿ ನೋಡುತ್ತಾರೆ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನಿಜವಾದ ಮಜಾ ಇರುವುದೇ ಅಲ್ಲಿ ಅಲ್ವಾ?

ಉಂಗುರದ ಸುತ್ತಳತೆ ಸುಮಾರು 110 ಮೀಟರ್. ಗೊಂಚಲು ಸೆಕೆಂಡಿಗೆ 27 ಲಕ್ಷ ಸುತ್ತು ಹಾಕುತ್ತದೆ. ಅದರ ಉದ್ದವನ್ನು ಸಮಯದಲ್ಲಿ ಅಳೆದರೆ ಕೆಲವೇ ಪಿಕೋಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ ಒಂದು ಪಿಕೋಸೆಕೆಂಡ್). ಮಾಮೂಲಿ ಕ್ಯಾಮೆರಾಗೆ ಇದು ಸಿಗುವ ಮಾತೇ ಇಲ್ಲ. ಅದಕ್ಕೇ ಕೊಳವೆಯೊಳಗೆ, ಎಲೆಕ್ಟ್ರಾನ್‌ಗಳ ದಾರಿಯ ಪಕ್ಕದಲ್ಲೇ, ಗ್ಯಾಲಿಯಂ ಫಾಸ್ಫೈಡ್ ಹರಳೊಂದನ್ನು ಇಡುತ್ತಾರೆ. ಗೊಂಚಲಿನ ವಿದ್ಯುತ್ ಕ್ಷೇತ್ರ ತಾಗಿದ ಕ್ಷಣ ಹರಳಿನೊಳಗೆ ಬೆಳಕು ಹಾಯುವ ರೀತಿ ಬದಲಾಗುತ್ತದೆ. ಅದೇ ಹೊತ್ತಿಗೆ ಲೇಸರ್ ಬೆಳಕನ್ನೂ ಹಾಯಿಸುತ್ತಾರೆ, ಅದರ ಬಣ್ಣಗಳು ಒಂದರ ಹಿಂದೊಂದು ಬರುವಂತೆ. ಗೊಂಚಲಿನ ಒಂದೊಂದು ಭಾಗಕ್ಕೆ ಒಂದೊಂದು ಬಣ್ಣ ಎದುರಾಗುವುದರಿಂದ, ಯಾವ ಬಣ್ಣದ ಪ್ರಖರತೆ ಎಷ್ಟು ಬದಲಾಯಿತು ಎಂದು ನೋಡಿದರೆ ಗೊಂಚಲಿನ ಆಕಾರ ಗೊತ್ತಾಗುತ್ತದೆ. ಇದನ್ನು ಓದುವುದು ‘ಕಲಿಪ್ಸೊ’ ಎಂಬ ಕ್ಯಾಮೆರಾ. ಪ್ರತಿ ಸುತ್ತಿಗೂ ಒಂದು ಚಿತ್ರ!

ಇಷ್ಟೆಲ್ಲ ಸರ್ಕಸ್ ಸುಮ್ನೆ ಅಲ್ಲ. ಗೊಂಚಲು ತಾನೇ ಹೊಮ್ಮಿಸಿದ ವಿಕಿರಣದ ಹೊಡೆತಕ್ಕೆ ಸಿಕ್ಕಿ ಒಳಗೊಳಗೇ ಗಂಟುಗಂಟಾಗುತ್ತದೆ. ಆಗ ಅದು ಹೊಮ್ಮಿಸುವ ಟೆರಾಹರ್ಟ್ಸ್ ವಿಕಿರಣ (ಮೈಕ್ರೋವೇವ್ ಮತ್ತು ಇನ್‌ಫ್ರಾರೆಡ್ ನಡುವಿನ ಅಲೆಗಳು) ಇದ್ದಕ್ಕಿದ್ದಂತೆ ಜಾಸ್ತಿಯಾಗುತ್ತದೆ, ಗೊಂಚಲು ಊದಿಕೊಂಡು ವಿಕಿರಣ ಇಳಿಯುತ್ತದೆ, ಮತ್ತೆ ಕುಗ್ಗಿ ಅದೇ ಕತೆ. ಪ್ರಖರ ಟೆರಾಹರ್ಟ್ಸ್ ಬೇಕು ಎನ್ನುವವರಿಗೆ ಇದು ಲಾಭ, ಏರಿಳಿತವಿಲ್ಲದ ಬೆಳಕು ಬೇಕು ಎನ್ನುವವರಿಗೆ ತಲೆನೋವು. ಇದರ ಬಗ್ಗೆಯೇ ಇನ್ನೊಂದು ಲೇಖನ ಬರೆಯಿರಿ ಸರ್.