ದುಂಡಗಿದ್ದರೆ ಗಟ್ಟಿ ಅಂತಲ್ಲ

ಗಾಡಿ ಎಳೆಯುವ ಮೈಕಟ್ಟಿನ ಟಟ್ಟು ಕುದುರೆಯನ್ನು ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ಒಂದೇ: ‘ಎಷ್ಟು ಮುದ್ದಾಗಿದೆ!’ ಮಾರುವವನು ಕಾಯುತ್ತಿರುವುದೂ ಅದನ್ನೇ. ಅಗಲ ಎದೆ, ಮೋಟು ಕಾಲು, ದಪ್ಪ ಕುತ್ತಿಗೆ, ಕಣ್ಣಿಗೆ ಬೀಳುವ ಜೂಲು. ಇಷ್ಟು ನೋಡಿದ ಮೇಲೆ ವ್ಯಾಪಾರದ ಬುದ್ಧಿ ಎಲ್ಲಿಂದ ಉಳಿಯಬೇಕು?

ಎತ್ತರದ ಲೆಕ್ಕ ಸುಲಭ. ಕುತ್ತಿಗೆ ಬೆನ್ನಿಗೆ ಸೇರುವ ದಿಬ್ಬದವರೆಗೆ ಅಳೆದರೆ ಸುಮಾರು 148 ಸೆಂಟಿಮೀಟರ್ ಒಳಗಿರುವುದು ಟಟ್ಟು. ಗಿಡ್ಡವೆಂದು ಹಗುರ ಮಾಡಬೇಡಿ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳೊಳಗೆ ಬಂಡಿ ಎಳೆದವರಲ್ಲಿ ಸೊಂಟದೆತ್ತರದ ಶೆಟ್‌ಲ್ಯಾಂಡ್ ಟಟ್ಟುಗಳೂ ಇದ್ದವು.

ಕಷ್ಟ ಇರುವುದು ದುಂಡಗಿನ ಮೈಯಲ್ಲಿ. ಈ ಜಾತಿಯೇ ದುಂಡಗೆ. ಹಾಗಾಗಿ ಕಾಣುವುದು ಕಸುವೋ ಕೊಬ್ಬೋ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಯನ್ನೇ ಕೇಳಬೇಕು. ಪಕ್ಕೆಯ ಮೇಲೆ ಬೆರಳಾಡಿಸಿದರೆ ಎಲುಬು ಕಾಣದಿದ್ದರೂ ಸಿಗಬೇಕು. ಜೂಲಿನ ಬುಡದ ಏಣು ಗಟ್ಟಿಯಾಗಿ ಉಬ್ಬಿದ್ದರೆ ಸ್ವಲ್ಪ ನಿಲ್ಲಿ. ಬಡ ಹುಲ್ಲುಗಾವಲಿನಲ್ಲಿ, ಕಡಿಮೆ ಮೇವಿನಲ್ಲಿ ಬದುಕಲು ಪಳಗಿದ ಮೈ ಇದು. ಹಸಿರು ಹುಲ್ಲು ಜಾಸ್ತಿಯಾದರೆ ಗೊರಸಿನೊಳಗಿನ ಪದರ ಉರಿಯೂತದಿಂದ ಸಡಿಲವಾಗುವ ಲ್ಯಾಮಿನೈಟಿಸ್ ಬರಬಹುದು. ಗೊರಸಿನ ಮೇಲಿನ ಉಂಗುರಗಳು ಹಿಮ್ಮಡಿಯ ಕಡೆ ಅಗಲವಾಗುತ್ತಾ ಹೋಗಿದ್ದರೆ, ಗಟ್ಟಿ ನೆಲದಲ್ಲಿ ತಿರುಗುವಾಗ ಹೆಜ್ಜೆ ಅಳುಕಿದರೆ, ಅದು ಹಿಂದೊಮ್ಮೆ ಬಂದು ಹೋಗಿರಬಹುದು. ಮಾರುವವನು ‘ಚೆನ್ನಾಗಿ ಮೇಯಿಸಿದ್ದೀನಿ’ ಅಂತ ಹೆಮ್ಮೆಯಿಂದ ಹೇಳುತ್ತಾನೆ. ಸುಳ್ಳಲ್ಲ, ನಿಜವಾಗಿಯೂ ಮೇಯಿಸಿರುತ್ತಾನೆ. ತೊಂದರೆ ಅದೇ!

ವಯಸ್ಸಿಗೆ ಹಲ್ಲು ಸಾಕ್ಷಿ. ದಾನಕ್ಕೆ ಬಂದ ಎಮ್ಮೆಯ ಹಲ್ಲು ನೋಡಬಾರದು, ಸರಿ. ಇಲ್ಲಿ ದುಡ್ಡು ಕೊಡುತ್ತಿದ್ದೀವಲ್ಲ, ಧಾರಾಳವಾಗಿ ನೋಡಬಹುದು. ಐದು ವರ್ಷಕ್ಕೆ ಬಾಯಿ ತುಂಬುತ್ತದೆ. ಹತ್ತರ ಸುಮಾರಿಗೆ ಮೇಲಿನ ಮೂಲೆಯ ಬಾಚಿಹಲ್ಲಿನಲ್ಲಿ, ವಸಡಿನ ಹತ್ತಿರ ಒಂದು ಗೀರು ಶುರುವಾಗುತ್ತದೆ. ಅದು ಕೆಳಗಿಳಿಯುತ್ತಾ ತುದಿ ಮುಟ್ಟುವ ಹೊತ್ತಿಗೆ ಇಪ್ಪತ್ತರ ಆಸುಪಾಸು. ತಿಂಗಳು ಹಿಡಿದು ಹೇಳುವ ಲೆಕ್ಕವಲ್ಲ, ಆದರೆ ಹದಿನೆಂಟನ್ನು ‘ಎಂಟು’ ಅನ್ನುವವರ ಬಾಯಿ ಮುಚ್ಚಿಸಲು ಸಾಕು. ಹದಿನೆಂಟಾದರೇನು, ಅದೇನೂ ಮುದಿತನವಲ್ಲ. ಟಟ್ಟುಗಳು ಇಪ್ಪತ್ತೈದು, ಮೂವತ್ತು ವರ್ಷ ಆರಾಮಾಗಿ ಬಾಳುತ್ತವೆ. ಪಳಗಿದ ಹಳೆಯದು, ತಂಟೆಯ ಎಳೆಯದಕ್ಕಿಂತ ನನಗೆ ಇಷ್ಟ.

ಅಕ್ಕಪಕ್ಕದ ಊರಿನವರಿಂದ ಕೊಳ್ಳುವುದರ ದೊಡ್ಡ ಸುಖ ಅಂದರೆ ಮತ್ತೆ ಮತ್ತೆ ಹೋಗಬಹುದು. ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಹೋಗಿ. ಮೊದಲೇ ಹಿಡಿದು ಕಟ್ಟಿ, ಮೈ ಬೆವರುವಷ್ಟು ಓಡಿಸಿಟ್ಟ ಕುದುರೆ ಸಾಧುವಾಗಿಯೇ ಕಾಣುತ್ತದೆ. ಬಯಲಿನಿಂದ ಹಿಡಿದು ತರುವುದನ್ನು, ನಾಲ್ಕೂ ಕಾಲು ಎತ್ತಿ ತೋರಿಸುವುದನ್ನು, ಕಣ್ಪಟ್ಟಿ ಹಾಕಿ ಗಾಡಿಗೆ ಹೂಡುವುದನ್ನು ಸುಮ್ನೆ ನಿಂತು ನೋಡಿ. ಹೊರಡುವ ಮುನ್ನ ಒಂದು ನಿಮಿಷ ಅಲ್ಲಾಡದೆ ನಿಲ್ಲುತ್ತದಾ? ಗಾಡಿ ಕುದುರೆಗೆ ಓಟಕ್ಕಿಂತ ಆ ನಿಲ್ಲುವಿಕೆ ದೊಡ್ಡ ವಿದ್ಯೆ. ಆಮೇಲೆ ಸ್ವತಂತ್ರವಾಗಿ ಒಬ್ಬ ಪಶುವೈದ್ಯರಿಂದ ನೋಡಿಸಿ. ‘ಅದೆಲ್ಲ ಯಾಕೆ, ನಾವು ಪಕ್ಕದವರೇ ಅಲ್ವಾ’ ಅಂದರೆ ಖಂಡಿತ ನೋಡಿಸಿ.

ಇನ್ನೊಂದು ಮಾತು. ಕುದುರೆ ಗುಂಪಿನ ಪ್ರಾಣಿ, ಒಂಟಿಯಾಗಿ ಇಟ್ಟರೆ ಕೊರಗುತ್ತದೆ. ಇದು ಮಾರುವವನಿಗೂ ಚೆನ್ನಾಗಿ ಗೊತ್ತು. ಹಗ್ಗ ನಿಮ್ಮ ಕೈಗೆ ಬಂದ ಮೇಲಷ್ಟೇ ಅವನು ಗಂಟಲು ಸರಿಮಾಡಿಕೊಂಡು, ‘ಇದರ ಜೊತೆಗಾತಿ ಒಂದು ಹಿಂದಿನ ಕೊಟ್ಟಿಗೆಯಲ್ಲಿದೆ, ನೋಡ್ತೀರಾ?’ ಅನ್ನುತ್ತಾನೆ.