ಕುರ್ಚಿ ಉಳಿಸುವ ಕಡಲ ವಿದ್ಯೆ

ಎಲ್ಲೋ ಒಂದು ಹೊಸ ಸೇತುವೆ ಕುಸಿಯುತ್ತದೆ. ಮರುದಿನ ದೊಡ್ಡವರು ಮೈಕಿನ ಮುಂದೆ ಬರುತ್ತಾರೆ. ಅವರು ಬಾಯಿ ತೆರೆಯುವ ಮೊದಲೇ ನನಗೆ ಸ್ಕ್ವಿಡ್ ಎಂಬ ಕಡಲ ಪ್ರಾಣಿ ನೆನಪಾಗುತ್ತದೆ.

ಬೆದರಿದ ಸ್ಕ್ವಿಡ್ ಶಾಯಿ ಉಗುಳುತ್ತದೆ, ಗೊತ್ತಲ್ವಾ? ಸುಮ್ನೆ ನೀರು ಕಪ್ಪಾಗಿಸಲು ಅಷ್ಟೇ ಅಲ್ಲ. ಕೆಲವೊಮ್ಮೆ ಶಾಯಿಗೆ ಲೋಳೆ ಜಾಸ್ತಿ ಬೆರೆಸಿ, ಹೆಚ್ಚೂಕಡಿಮೆ ತನ್ನದೇ ಗಾತ್ರದ ಮುದ್ದೆಯೊಂದನ್ನು ತೇಲಿಬಿಡುತ್ತದೆ. ಬೇಟೆಗೆ ಬಂದ ಮೀನು ಆ ಮುದ್ದೆಗೆ ಬಾಯಿ ಹಾಕುತ್ತದೆ. ಅಷ್ಟರಲ್ಲಿ ಸ್ಕ್ವಿಡ್ ಪರಾರಿ. ಮನುಷ್ಯರಲ್ಲಿ ಈ ಮುದ್ದೆಗೆ ತನಿಖಾ ಸಮಿತಿ ಎಂದು ಹೆಸರು. ನೋಡಲು ಉತ್ತರದ ಹಾಗೇ ಇರುತ್ತದೆ. ಕಚ್ಚಿದರೆ ಬಾಯೆಲ್ಲ ಕಪ್ಪು.

ಕೇಳುವವರು ಅಷ್ಟಕ್ಕೂ ಬಿಡದಿದ್ದರೆ ಹ್ಯಾಗ್‌ಫಿಶ್ ವಿದ್ಯೆ ಇದೆ. ಹಾವಿನಂಥ ಈ ಪ್ರಾಣಿಗೆ ತಲೆಬುರುಡೆ ಇದೆ, ನೆಟ್ಟಗಿನ ಬೆನ್ನುಮೂಳೆ ಇಲ್ಲ. (ನಾನು ಹೇಳಿದ್ದಲ್ಲ, ಜೀವಶಾಸ್ತ್ರ ಹೇಳಿದ್ದು.) ಶಾರ್ಕ್ ಕಚ್ಚಿದ ಕೂಡಲೇ ಮೈಯಿಂದ ಲೋಳೆ ಬಿಡುತ್ತದೆ. ಬಿಟ್ಟದ್ದು ಚೂರೇ. ನೀರು ಸೇರಿದರೆ ಬಕೆಟ್ ತುಂಬುತ್ತದೆ. ಕಿವಿರು ಕಟ್ಟಿಕೊಂಡ ಶಾರ್ಕ್ ಅದನ್ನು ಉಗುಳಿ ಓಡುತ್ತದೆ. 2017ರ ಜುಲೈನಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಸುಮಾರು 3,400 ಕಿಲೋ ಹ್ಯಾಗ್‌ಫಿಶ್ ಹೊತ್ತಿದ್ದ ಲಾರಿಯ ಸರಕು ಹೆದ್ದಾರಿಗೆ ಬಿತ್ತು. ಕಾರುಗಳ ಮೇಲೆಲ್ಲ ಲೋಳೆ. ರಸ್ತೆ ಬಳಿಯಲು ಬುಲ್ಡೋಜರ್ ತರಿಸಬೇಕಾಯಿತು.

ಮಾಹಿತಿ ಕೇಳಿ ಅರ್ಜಿ ಹಾಕಿದವರಿಗೆ ಇದೇನೂ ಹೊಸದಲ್ಲ. ಒಂದು ಸಾಲು ಕೇಳಿದರೆ ನಾನೂರು ಪುಟ ಬರುತ್ತದೆ, ಆ ಒಂದು ಸಾಲು ಬಿಟ್ಟು. ಇಷ್ಟಕ್ಕೂ ಹ್ಯಾಗ್‌ಫಿಶ್‌ಗೆ ತನ್ನ ಲೋಳೆಯಲ್ಲಿ ತಾನೇ ಉಸಿರುಗಟ್ಟುವ ಭಯವಿದೆ. ಅದಕ್ಕೇ ಮೈಗೆ ಗಂಟು ಹಾಕಿ, ಆ ಗಂಟನ್ನು ಜಾರಿಸುತ್ತಾ ಒರೆಸಿಕೊಳ್ಳುತ್ತದೆ. ಅಧಿಕಾರಿಗಳಿಗೆ ಅಷ್ಟು ಕಷ್ಟವಿಲ್ಲ. ವರ್ಗಾವಣೆ ಇದೆ.

ಪಫರ್ ಮೀನಿನ ಬಗ್ಗೆ ಏನು ಹೇಳಲಿ? ನೀರು ಕುಡಿದು ಉಬ್ಬುತ್ತದೆ. ಸಭೆಗಳಲ್ಲಿ ನೋಡಿರುತ್ತೀರಿ.

ನನ್ನ ಗೌರವವೆಲ್ಲ ಸಮುದ್ರ ಸೌತೆ ಎಂಬ, ಸೌತೆಕಾಯಿ ಆಕಾರದ ಕಡಲ ಪ್ರಾಣಿಗೆ. ಅದಕ್ಕೆ ಮಿದುಳೇ ಇಲ್ಲ. ಆದರೂ ಮಾನವಿದೆ. ಅಪಾಯ ಬಂದರೆ ಇವುಗಳಲ್ಲಿ ಕೆಲವು ತಮ್ಮ ಕರುಳನ್ನೇ ಹೊರಗೆಸೆಯುತ್ತವೆ. ಹೊಸದು ಬೆಳೆಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಉಪವಾಸ. ಕಚೇರಿಯವರು ಈ ವಿದ್ಯೆಯನ್ನು ಸುಧಾರಿಸಿದ್ದಾರೆ. ಎಸೆಯುವುದೇ ಆದರೆ ಸ್ವಂತ ಕರುಳು ಯಾಕೆ? ಕೆಳಗಿನ ಎಂಜಿನಿಯರ್ ಒಬ್ಬರನ್ನು ಅಮಾನತು ಮಾಡಿ ಎಸೆದರಾಯಿತು. ಊಟ ತಪ್ಪುವುದಿಲ್ಲ. ಗಲಾಟೆ ತಣ್ಣಗಾದ ಮೇಲೆ ಅವರೂ ಅದೇ ಜಾಗದಲ್ಲಿ ಮತ್ತೆ ಚಿಗುರಿರುತ್ತಾರೆ.

ಒಂದು ಮಾತು ಮರೆತೆ. ಪರ್ಲ್‌ಫಿಶ್ ಅಂತ ಒಂದು ಮೀನಿದೆ. ಸಮುದ್ರ ಸೌತೆಯ ಹಿಂಬಾಗಿಲಿನಿಂದ ನುಗ್ಗಿ ಹೊಟ್ಟೆಯೊಳಗೇ ಮನೆ ಮಾಡಿಕೊಳ್ಳುತ್ತದೆ. ಅದರ ಕೆಲವು ಜಾತಿಗಳು ಒಳಗೆ ಕೂತು ಆ ಸೌತೆಯನ್ನೇ ಮೇಯುತ್ತವೆ.

ಅಂದಹಾಗೆ, ಆ ಸೇತುವೆಯ ಗುತ್ತಿಗೆದಾರ ಯಾರು ಅಂತ ಯಾರಾದರೂ ಕೇಳಿದಿರಾ?